ಮೂರು ವಾರದ ಗುರು

ಮಂಗಳೂರಿನ ಬಲ್ಮಠದಲ್ಲಿ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ಇಬ್ಬರು ಕೂತು ಆಡಿದ ಮಾತು ಇದು. ಒಬ್ಬರು ನಿವೃತ್ತ ಸಭಾಪಾಲಕರು. ಬೆಟಗೇರಿಯಲ್ಲಿ ಸೇವೆ ಶುರು ಮಾಡಿ, ಕೊಡಗು ಸುತ್ತಿ, ಕರಾವಳಿಯಲ್ಲಿ ಮುಗಿಸಿದವರು. ಇನ್ನೊಬ್ಬಳು ಕ್ರೈಸ್ತ ವೇದಶಾಸ್ತ್ರ ಕಲಿಸುವ ಯುವತಿ. ವರ್ಷಕ್ಕೊಮ್ಮೆ ಆಫ್ರಿಕಾದ ಮಲಾವಿಗೆ ಹೋಗಿ ಹಳ್ಳಿಸಭೆಗಳ ಪಾಲಕರಿಗೂ ಸಭಾಹಿರಿಯರಿಗೂ ಮೂರು ವಾರ ತರಬೇತಿ ಕೊಟ್ಟುಬರುವ ತಂಡವೊಂದನ್ನು ಸೇರಿದ್ದಾಳೆ. ಜರ್ಮನಿ, ಸ್ವಿಟ್ಜರ್ಲೆಂಡ್‌ನಿಂದ ಬಂದ ಬಾಸೆಲ್ ಮಿಶನ್ನಿನವರು 1847ರಲ್ಲಿ ಇದೇ ಊರಲ್ಲಿ ಪಾಲಕರ ಸೆಮಿನರಿ ಶುರು ಮಾಡಿದರು. ಇವತ್ತು ಇಲ್ಲಿಂದಲೇ ಒಬ್ಬಳು ಹೊರದೇಶಕ್ಕೆ ಪಾಠ ಹೇಳಲು ಹೊರಟಿದ್ದಾಳೆ. ಅದಕ್ಕೇ ಈ ಮಾತನ್ನು ಬರೆದಿಡಬೇಕೆನಿಸಿತು.

ಹಿರಿಯರು: ಮೂರು ವಾರದಲ್ಲಿ ಎಂತ ಕಲಿಸ್ತೀಯಮ್ಮ?

ಯುವತಿ: ಮಾರ್ಕನ ಸುವಾರ್ತೆ ಪೂರ್ತಿ ಓದ್ತೇವೆ. ಪ್ರಸಂಗ ತಯಾರು ಮಾಡುವ ಕ್ರಮ ಹೇಳಿಕೊಡ್ತೇವೆ. ಸಭೆಯ ಲೆಕ್ಕ ಬರೆಯುವುದೂ ಉಂಟು. ಮೇ ತಿಂಗಳಲ್ಲಿ ಹೋಗುವುದು ಅಯ್ಯನವರೇ, ಅಷ್ಟರಲ್ಲಿ ಮೆಕ್ಕೆಜೋಳದ ಕೊಯ್ಲು ಆಗಿರ್ತದೆ. ನವೆಂಬರ್‌ನಲ್ಲಿ ಹೋದರೆ ಒಬ್ಬರೂ ಸಿಗುವುದಿಲ್ಲ. ಮಳೆ ಶುರುವಾಗಿರ್ತದೆ, ಪಾಲಕರೂ ಬಿತ್ತನೆಯಲ್ಲಿ ಇರ್ತಾರೆ.

ಹಿರಿಯರು: ಅಷ್ಟು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದೇ. ಆದರೆ ನಾನು ಕೇಳಿದ್ದು ಪಾಠದ ಪಟ್ಟಿಯನ್ನಲ್ಲ. ಶಿಷ್ಯನನ್ನು ಬೆಳೆಸುವುದು ಅಂದ್ರೆ ಅವನ ಜೊತೆ ಉಣ್ಣಬೇಕು, ತಿರುಗಬೇಕು. ಅವನ ಸಿಟ್ಟು ನೀನು ನೋಡಬೇಕು, ನಿನ್ನ ಸಿಟ್ಟು ಅವನು ನೋಡಬೇಕು. ಯೇಸು ಹನ್ನೆರಡು ಜನರನ್ನು ಮೂರು ವಾರಕ್ಕೆ ಕರೆದದ್ದಲ್ಲ.

ಯುವತಿ: ಪೌಲ ಥೆಸಲೋನಿಕದಲ್ಲಿ ಎಷ್ಟು ದಿನ ಇದ್ದ? ಮೂರು ಸಬ್ಬತ್ ಸಭಾಮಂದಿರದಲ್ಲಿ ವಾದ ಮಾಡಿದ. ಆಮೇಲೆ ಗಲಾಟೆ ಎದ್ದು ರಾತ್ರೋರಾತ್ರಿ ಊರು ಬಿಡಬೇಕಾಯಿತು. ಆ ಸಭೆ ಉಳಿಯಲಿಲ್ಲವಾ?

ಹಿರಿಯರು: ಉಳಿಯಿತು. ಆದರೆ ಮನಸ್ಸು ತಡೆಯದೆ ತಿಮೊಥೆಯನನ್ನು ಹಿಂದಕ್ಕೆ ಕಳಿಸಿದ, ಕಾಗದ ಬರೆದ. ಎಫೆಸದಲ್ಲಿ ಅನುಕೂಲ ಸಿಕ್ಕಾಗ ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನಾ ಕೂತ. ಬೇಗ ಹೊರಟದ್ದು ಅವನ ಪದ್ಧತಿ ಅಲ್ಲ, ಅವನನ್ನು ಓಡಿಸಿದ್ದು. ನಿಮ್ಮನ್ನು ಯಾರೂ ಓಡಿಸುವುದಿಲ್ಲ. ಹಿಂತಿರುಗುವ ಟಿಕೆಟ್ ಮೊದಲೇ ತೆಗೆದಿಟ್ಟು ಹೋಗ್ತೀರಿ.

ಯುವತಿ: ಹೌದು, ತೆಗೆದಿಡ್ತೇವೆ. ಆದರೆ ಅಲ್ಲಿಯ ಸ್ಥಿತಿ ನೋಡಿ. ಒಬ್ಬ ಪಾಲಕರ ಕೆಳಗೆ ಎಷ್ಟೋ ಪ್ರಾರ್ಥನಾ ಮಂದಿರಗಳು. ಭಾನುವಾರ ಅವರು ಒಂದು ಕಡೆ ಇದ್ದರೆ ಉಳಿದ ಕಡೆಯೆಲ್ಲ ಪ್ರಸಂಗ ಮಾಡುವುದು ಸಭಾಹಿರಿಯರು. ಅವರು ರೈತರು, ಶಾಲೆ ಮಾಸ್ತರು, ಸೈಕಲ್ ರಿಪೇರಿಯವರು. ಅಂಥವರನ್ನು ನಾಲ್ಕು ವರ್ಷ ಕಾಲೇಜಿಗೆ ಬನ್ನಿ ಅಂದರೆ ಹೊಲ ಯಾರು ನೋಡುವುದು? ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರಿಗೂ ಇದೇ ಕಷ್ಟ ಬಂತು. ರಾಜಧಾನಿಯ ಸೆಮಿನರಿಗೆ ಹೋದ ಹಳ್ಳಿ ಹುಡುಗರು ಹಳ್ಳಿಗೆ ವಾಪಸು ಬರಲಿಲ್ಲ. ಹಳ್ಳಿಯಲ್ಲಿ ನಿಜವಾಗಿ ಸಭೆ ನಡೆಸುತ್ತಿದ್ದವರಿಗೆ ಓದಲಿಕ್ಕೆ ಸಿಗಲಿಲ್ಲ. 1963ರಲ್ಲಿ ಅವರು ಪಾಠವನ್ನೇ ವಿದ್ಯಾರ್ಥಿಯ ಊರಿಗೆ ಒಯ್ದರು. ಮನೆಯಲ್ಲಿ ಓದುವುದು, ವಾರಕ್ಕೊಮ್ಮೆ ಹತ್ತಿರದ ಕೇಂದ್ರದಲ್ಲಿ ಸೇರಿ ಚರ್ಚೆ ಮಾಡುವುದು. ಅದನ್ನೇ ನಮ್ಮ ದೇಶಕ್ಕೆ ಹೊಂದಿಸಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಅನ್ನುವ ಸಂಸ್ಥೆ ಶುರುವಾಯಿತು. ಎಷ್ಟು ಬ್ಯಾಂಕ್ ನೌಕರರು, ನರ್ಸ್‌ಗಳು ಅದರಲ್ಲಿ ಓದಿ ಸಭೆಗೆ ಆಸರೆಯಾಗಿದ್ದಾರೆ, ನಿಮಗೇ ಗೊತ್ತುಂಟು.

ಹಿರಿಯರು: ಗೊತ್ತುಂಟು, ನಾನೇ ಕೆಲವರನ್ನು ಸೇರಿಸಿದ್ದೇನೆ. ಓದು ಮನೆಗೇ ಬರಬಹುದು. ಓದಿನಲ್ಲಿ ಬಾರದ್ದು ಒಂದುಂಟು, ಅದನ್ನು ಹೇಳ್ತೇನೆ ಕೇಳು. ನಾನು ಇಲ್ಲಿ ಓದು ಮುಗಿಸಿ ಬೆಟಗೇರಿಗೆ ಹೋದಾಗ ಹಿರಿಯ ಪಾಲಕರು ನನ್ನನ್ನು ಪ್ರಸಂಗಪೀಠ ಹತ್ತಿಸಲೇ ಇಲ್ಲ. ಸುಮ್ಮನೆ ಜೊತೆಗೆ ತಿರುಗಿಸಿದರು. ಒಂದು ದಿನ ನೇಕಾರರ ಓಣಿಯಲ್ಲಿ ಒಂದು ಸಾವು. ಮನೆಯ ಯಜಮಾನ ಹೋಗಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಉಂಟು. ನಾನು ಸತ್ಯವೇದ ಬಿಚ್ಚಿ ಕೀರ್ತನೆ ಹುಡುಕ್ತಾ ಇದ್ದೆ. ಅವರು ನನ್ನ ಕೈಮೇಲೆ ಕೈಯಿಟ್ಟು ಪುಸ್ತಕ ಮುಚ್ಚಿಸಿದರು. ಸತ್ತವನ ಹೆಂಡತಿಯ ಹತ್ತಿರ ನೆಲಕ್ಕೆ ಕೂತು ಕೇಳಿದ ಮೊದಲ ಮಾತು, ‘ಮಕ್ಕಳು ಉಂಡಾವೇನವಾ?’ ಆಮೇಲೆ ಕೇಳಿದ್ದು ಸೀರೆ ಯಾವ ಸಾಹುಕಾರಂದು, ಮುಂಗಡ ಎಷ್ಟು ತಂದಿದ್ದ ಅಂತ. ಸಾವಿನ ಮನೆಯಲ್ಲಿ ಇದೆಂಥ ಮಾತು ಅಂತ ನನಗೆ ಕಸಿವಿಸಿ. ಸಂಜೆ ಮಣ್ಣುಕೊಟ್ಟು ಬಂದವರು ಸೀದಾ ಸಾಹುಕಾರನ ಮನೆಗೆ ನಡೆದರು. ಉಳಿದ ಸೀರೆಯನ್ನು ಸತ್ತವನ ತಮ್ಮ ನೇಯ್ದು ಕೊಡ್ತಾನೆ, ಅಲ್ಲಿವರೆಗೆ ಆ ಮನೆಗೆ ಯಾರನ್ನೂ ವಸೂಲಿಗೆ ಕಳಿಸಬೇಡಿ ಅಂತ ಒಪ್ಪಿಸಿದರು. ಆ ಹೆಂಗಸಿಗೆ ಅವರು ವಚನ ಓದಿ ಹೇಳಿದ್ದು ಮೂರನೆಯ ದಿನ. ಇದನ್ನು ನಿಮ್ಮ ತಂಡ ಯಾವ ವಾರದಲ್ಲಿ ಕಲಿಸ್ತದೆ?

ಯುವತಿ: ಯಾವ ವಾರದಲ್ಲೂ ಕಲಿಸುವುದಿಲ್ಲ. ಕಲಿಸಲೂಬಾರದು.

ಹಿರಿಯರು: ಕಲಿಸಬಾರದಾ?

ಯುವತಿ: ನಿಮ್ಮ ಪಾಲಕರು ಅದನ್ನು ಕೇಳಿದ್ದು ಆ ಓಣಿಯ ಭಾಷೆಯಲ್ಲಿ, ಮಗ್ಗದ ಸಾಲ ಅಂದರೆ ಏನು ಅಂತ ಗೊತ್ತಿದ್ದುಕೊಂಡು. ನಾನು ಮಲಾವಿಯಲ್ಲಿ ಮೂವತ್ತು ವರ್ಷ ಇದ್ದರೂ ಅಲ್ಲಿಯ ಚಿಚೇವಾ ಭಾಷೆಯಲ್ಲಿ ಹಾಗೆ ಕೇಳಲಾರೆ. ಸಾವಿನ ಮನೆಯಲ್ಲಿ ಹೇಗೆ ಕೂರಬೇಕು ಅಂತ ಅಲ್ಲಿಯ ಅಜ್ಜಂದಿರಿಗೆ ಗೊತ್ತುಂಟು. ನಾನು ಹೋಗಿ ಅದನ್ನೇ ಕಲಿಸಿದರೆ ಅಹಂಕಾರ ಆಗ್ತದೆ. ಅವರಲ್ಲಿ ಪುಸ್ತಕ ಕಡಿಮೆ. ಒಂದು ಸುವಾರ್ತೆಯನ್ನು ಮೊದಲಿಂದ ಕೊನೆವರೆಗೆ ಒಂದೇ ಕಥೆಯಾಗಿ ಓದುವ ಅಭ್ಯಾಸ ಎಷ್ಟೋ ಮಂದಿಗೆ ಆಗಿಲ್ಲ. ಯಾರೋ ಬಂದು ‘ಕಾಣಿಕೆ ಹಾಕಿದರೆ ಕಾಯಿಲೆ ವಾಸಿಯಾಗ್ತದೆ’ ಅಂದಾಗ ಅದು ಯಾಕೆ ತಪ್ಪು ಅಂತ ಸಭೆಗೆ ಬಿಡಿಸಿ ಹೇಳಲಿಕ್ಕೆ ಕಷ್ಟ ಆಗ್ತದೆ. ಇಲ್ಲದ್ದನ್ನು ಕೊಟ್ಟು ಬರುವುದು ನನ್ನ ಕೆಲಸ. ಇದ್ದದ್ದರಲ್ಲಿ ಕೈ ಹಾಕುವುದಲ್ಲ.

ಈ ಉತ್ತರಕ್ಕೆ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೂ ಇದು ಗಟ್ಟಿ ಮಾತು ಅನಿಸಿತು. ಹೊರಗಿಂದ ಬಂದವರು ಬಹಳ ಕಾಲ ಇದ್ದರೆ ಪ್ರೀತಿ ಬೆಳೆಯುತ್ತದೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ಬಹಳ ಕಾಲ ಇದ್ದವರ ಕೈಯಲ್ಲಿ ಅಧಿಕಾರವೂ ಬೆಳೆಯುತ್ತದೆ. ಯುವತಿ ಮುಂದೆ ಹೇಳಿದ್ದು ಅದನ್ನೇ.

ಯುವತಿ: ಉಳಿದುಕೊಂಡವರ ಕಥೆಯನ್ನೂ ನೋಡಿ. ಸ್ಕಾಟ್ಲೆಂಡಿನವರು 1875ರಲ್ಲಿ ಮಲಾವಿ ಸರೋವರದ ದಡಕ್ಕೆ ಬಂದು ಲಿವಿಂಗ್‌ಸ್ಟೋನಿಯಾ ಮಿಶನ್ ಕಟ್ಟಿದರು. ಅವರಲ್ಲಿ ಒಬ್ಬರು, ರಾಬರ್ಟ್ ಲಾಸ್, ಅಲ್ಲೇ ಆಯುಷ್ಯ ಸವೆಸಿದರು. ಶಾಲೆ, ಆಸ್ಪತ್ರೆ, ಭಾಷೆಯ ಕೆಲಸ, ಯಾವುದನ್ನೂ ಸಣ್ಣದು ಅನ್ನುವ ಹಾಗಿಲ್ಲ. ಆದರೆ ಅವರು ಮೊದಲ ಮೂವರು ಆಫ್ರಿಕನ್ನರಿಗೆ ಪಾಲಕದೀಕ್ಷೆ ಕೊಟ್ಟದ್ದು ಯಾವಾಗ? 1914ರಲ್ಲಿ. ವೇದಶಾಸ್ತ್ರ ಓದಿ ಮುಗಿಸಿದವರನ್ನು ವರ್ಷಗಟ್ಟಲೆ ‘ಇನ್ನೂ ಪಕ್ವವಾಗಿಲ್ಲ’ ಅಂತ ಕಾಯಿಸಿದರು. ಜೊತೆಗೆ ಉಂಡರು, ತಿರುಗಿದರು, ಸಿಟ್ಟು ನೋಡಿದರು. ಬಿಟ್ಟುಕೊಡಲಿಕ್ಕೆ ಮಾತ್ರ ಆಗಲಿಲ್ಲ. ಆ ಮೂವರಲ್ಲಿ ಒಬ್ಬರು ಯೆಸಾಯ ಜೆರೆಂಜಿ ಮ್ವಾಸಿ. 1933ರಲ್ಲಿ ಅವರು ಹೊರಗೆ ಬಂದು ಕರಿಯರದ್ದೇ ಆದ ಸಭೆ ಕಟ್ಟಿದರು. ಉಳಿದುಕೊಂಡವರೇ ಹಿಡಿದುಕೊಂಡರು, ಅಯ್ಯನವರೇ.

ಹಿರಿಯರು: 1914 ಅಂದೆಯಾ? ಅದೇ ವರ್ಷ ಯುದ್ಧ ಶುರುವಾಯಿತು, ಇಲ್ಲಿಯ ಬಾಸೆಲ್ ಮಿಶನ್ನಿನ ಬುಡ ಅಲ್ಲಾಡಿತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಆಮೇಲೆ ದೇಶ ಬಿಡಿಸಿದರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದು ಆಗ ಎಂಬತ್ತು ವರ್ಷ. ಗುರುಗಳು ಇದ್ದಕ್ಕಿದ್ದಂತೆ ಇಲ್ಲ. ಭಾನುವಾರ ಗಂಟೆ ಹೊಡೆದದ್ದು, ದೀಕ್ಷಾಸ್ನಾನ ಕೊಟ್ಟದ್ದು, ಮದುವೆ ರಿಜಿಸ್ಟರ್ ಬರೆದದ್ದು ಇಲ್ಲಿಯ ಪಾಲಕರು, ಉಪದೇಶಿಗಳು. ಅವರಿಗೆ ಅದು ಸಾಧ್ಯವಾದದ್ದು ಇಲ್ಲಿಯ ಸೆಮಿನರಿಯಿಂದ. ಅಲ್ಲಿ ಕಲಿಸಿದ ಮಿಶನರಿ ಮೋಗ್ಲಿಂಗ್ ತನ್ನ ಹುಡುಗರನ್ನು ಜೊತೆಯಲ್ಲೇ ಇಟ್ಟುಕೊಂಡು ಕಲಿಸಿದ. ಪಾಠದಲ್ಲೂ ಪತ್ರಿಕೆಯಲ್ಲೂ ಕನ್ನಡವನ್ನೇ ಹಿಡಿದ. 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದವನೂ ಅವನೇ. ಉಳಿದುಕೊಂಡದ್ದರಿಂದಲೇ ಇದೆಲ್ಲ ಆಯಿತು.

ಯುವತಿ: ಯುದ್ಧ ಬಾರದಿದ್ದರೆ ಅಷ್ಟು ಬೇಗ ಬಿಟ್ಟುಕೊಡುತ್ತಿದ್ದರಾ?

ಹಿರಿಯರು: ಅದನ್ನು ನಾನು ಹೇಳಲಾರೆ. ಆದರೆ ಉಳಿದುಕೊಂಡೂ ಬಿಟ್ಟುಕೊಟ್ಟವರು ಇದ್ದಾರೆ. ಕೊರಿಯಾ ನೋಡು. ಮಿಶನರಿ ಸಾಮ್ಯುಯೆಲ್ ಮಾಫೆಟ್ 1901ರಲ್ಲಿ ಪ್ಯಾಂಗ್ಯಾಂಗ್‌ನಲ್ಲಿ ಸೆಮಿನರಿ ಶುರು ಮಾಡಿದ. 1907ರಲ್ಲಿ ಏಳು ಮಂದಿ ಕೊರಿಯನ್ನರಿಗೆ ದೀಕ್ಷೆಯಾಯಿತು. ಆ ಏಳರಲ್ಲಿ ಒಬ್ಬರನ್ನು, ಯಿ ಗಿ-ಪುಂಗ್ ಅನ್ನುವವರನ್ನು, ಕೊರಿಯಾದ ಸಭೆ ಜೇಜು ದ್ವೀಪಕ್ಕೆ ಮಿಶನರಿಯಾಗಿ ಕಳಿಸಿತು. ಕಲಿತು ಎದ್ದ ಕೂಡಲೇ ಇನ್ನೊಬ್ಬರಿಗೆ ಕಲಿಸಲಿಕ್ಕೆ ಹೊರಟರು.

ಯುವತಿ: ಆ ಸೆಮಿನರಿಯಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಪಾಠ?

ಹಿರಿಯರು: ಮೂರು.

ಯುವತಿ: ಉಳಿದ ಒಂಬತ್ತು ತಿಂಗಳು ಅವರವರ ಸಭೆಯಲ್ಲಿ. ಹಾಗಾದರೆ ಕೊರಿಯಾ ನನ್ನ ಕಡೆಗೆ ಬಂತಲ್ಲ!

ಹಿರಿಯರು: ಇಲ್ಲಮ್ಮ. ಆ ಒಂಬತ್ತು ತಿಂಗಳು ಮಾಫೆಟ್ ಅಮೆರಿಕಕ್ಕೆ ಹೋಗಿ ಕೂರಲಿಲ್ಲ. ಅಲ್ಲೇ ಇದ್ದ, ಹಳ್ಳಿ ಹಳ್ಳಿ ತಿರುಗಿ ನೋಡಿದ. ಪಾಠದ ತಿಂಗಳು ಕಡಿಮೆ ಇರಲಿ, ನನ್ನ ತಕರಾರು ಅದಲ್ಲ. ನೀನು ಹೇಳಿದ್ದನ್ನು ಆ ಸೈಕಲ್ ರಿಪೇರಿಯವ ಆಗಸ್ಟ್ ತಿಂಗಳಲ್ಲಿ ಸಭೆಗೆ ಹೇಳುವಾಗ ಎಲ್ಲಿ ಎಡವಿದ ಅಂತ ನಿನಗೆ ಗೊತ್ತಾಗುವುದು ಹೇಗೆ?

ಯುವತಿ: ನನಗೆ ಗೊತ್ತಾಗಬೇಕಾದ ಅಗತ್ಯ ಏನು? ಅವನ ಪಾಲಕರಿಗೆ ಗೊತ್ತಾದರೆ ಸಾಲದಾ? ಪ್ರತಿ ಐದಾರು ಜನರಿಗೆ ಅಲ್ಲಿಯವರೇ ಒಬ್ಬ ಹಿರಿಯ ಪಾಲಕರನ್ನು ಗೊತ್ತು ಮಾಡಿದ್ದೇವೆ. ತಿಂಗಳಿಗೊಮ್ಮೆ ಸೇರ್ತಾರೆ, ಒಬ್ಬರ ಪ್ರಸಂಗ ಇನ್ನೊಬ್ಬರು ಕೇಳಿ ತಿದ್ದುತ್ತಾರೆ. ವಾಟ್ಸಾಪ್‌ನಲ್ಲಿ ಧ್ವನಿ ಕಳಿಸ್ತಾರೆ.

ಹಿರಿಯರು: ಆ ಹಿರಿಯ ಪಾಲಕರನ್ನು ಗೊತ್ತು ಮಾಡಿದ್ದು ಯಾರು?

ಯುವತಿ: ನಾವೇ... ಅವರ ಸಭೆಗಳ ಮಂಡಳಿ ಸಿನೊಡ್ ಜೊತೆ ಕೂತು.

ಹಿರಿಯರು: ಸಿನೊಡ್ ‘ಇವರು ಬೇಡ, ಅವರು ಇರಲಿ’ ಅಂದರೆ?

ಯುವತಿ: ಒಂದು ಸಲ ಅಂದರು. ನಮ್ಮ ಕಡೆಯವರು ಇಂಗ್ಲಿಷ್ ಚೆನ್ನಾಗಿ ಬರುವವರನ್ನೇ ಇಟ್ಟುಕೊಂಡರು. ವರದಿ ಬರೆಯಬೇಕಲ್ಲ.

ಹಿರಿಯರು: ನೋಡು, ನನ್ನ ಹೆದರಿಕೆ ಪೂರ್ತಿ ಇಲ್ಲಿ ಉಂಟು. ಹಣ ಹೊರಗಿಂದ, ಪುಸ್ತಕ ಹೊರಗಿಂದ, ವರದಿ ಹೊರಗಿನವರಿಗೆ. ಹಾಗಾದರೆ ಆ ಪಾಲಕ ತನ್ನ ಸಭೆಯ ಮುಖ ನೋಡ್ತಾನಾ, ನಿಮ್ಮ ಮುಖ ನೋಡ್ತಾನಾ? ನಮ್ಮಲ್ಲೂ ಇದು ಆಗಿದೆ. ದೀಕ್ಷಾಸ್ನಾನ ತೆಗೆದುಕೊಂಡವರನ್ನು ಮನೆಯಿಂದ ಹೊರಗೆ ಹಾಕಿದರು, ಅವರಿಗೆ ಹೊಟ್ಟೆಪಾಡು ಬೇಕಿತ್ತು. ಮಿಶನ್ ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸಾವಿರಾರು ಮನೆಗಳ ಒಲೆ ಉರಿಯಿತು, ಅದರ ಋಣ ನಮ್ಮ ಮೇಲೆ ಉಂಟು. ಆದರೆ ಸಂಬಳ ಕೊಡುವವನೂ ಕರ್ತನ ಭೋಜನ ಕೊಡುವವನೂ ಒಂದೇ ಸಂಸ್ಥೆಯವರು. ಎದುರು ನಿಂತು ‘ಇದು ಸರಿಯಲ್ಲ’ ಅನ್ನುವ ಪಾಲಕ ಅಂಥಲ್ಲಿ ಸುಲಭದಲ್ಲಿ ಹುಟ್ಟುವುದಿಲ್ಲ. ನಿಮ್ಮ ತರಬೇತಿಗೆ ಬಂದವರಿಗೆ ದಿನಭತ್ಯೆ ಕೊಡ್ತೀರಾ?

ಯುವತಿ: ಬಸ್ಸಿನ ಖರ್ಚು, ಊಟ, ಸ್ವಲ್ಪ ಭತ್ಯೆ.

ಹಿರಿಯರು: ಕೊರಿಯಾದಲ್ಲಿ ಚಳಿಗಾಲದ ಸತ್ಯವೇದ ತರಗತಿಗೆ ಬಂದವರು ತಮ್ಮ ಅಕ್ಕಿಯನ್ನು ತಾವೇ ಹೊತ್ತು ತಂದರು.

ಯುವತಿ: ಅಕ್ಕಿ ಇದ್ದವರು ತಂದರು. ನನ್ನ ತರಗತಿಗೆ ಒಬ್ಬರು ನಲವತ್ತು ಕಿಲೋಮೀಟರ್ ಸೈಕಲ್ ತುಳಿದು ಬಂದಿದ್ದರು. ಟೈರಿನ ಒಡಕಿಗೆ ಹಳೆ ರಬ್ಬರಿನ ತುಂಡು ಸುತ್ತಿ ದಾರದಲ್ಲಿ ಬಿಗಿದಿದ್ದರು. ತರಗತಿಯಲ್ಲಿದ್ದಷ್ಟು ದಿನವೂ ಅವರ ಕೂಲಿ ಹೋಯಿತು. ಅವರಿಗೆ ಭತ್ಯೆ ಕೊಟ್ಟರೆ ಪರಾಧೀನ ಆಗ್ತಾರೆ ಅಂತ ಹೇಳುವ ನಾವು ಸಮ್ಮೇಳನಕ್ಕೆ ವಿಮಾನದಲ್ಲಿ ಹೋಗುವಾಗ ಟಿಕೆಟ್ ಹಣ ಯಾರದ್ದು ಅಂತ ಕೇಳಿಕೊಳ್ತೇವಾ? ಸ್ವಾವಲಂಬನೆಯ ಉಪದೇಶ ಯಾವಾಗಲೂ ಬಡವರಿಗೇ ಯಾಕೆ?

ಹಿರಿಯರು: ಹಾಗಾದರೆ ಆ ಹಣವನ್ನು ಸಿನೊಡ್ ಕೈಗೆ ಕೊಡು, ಅವರು ಹಂಚಲಿ. ನೀನು ಕವರು ಕೊಡುವವಳಾಗಿ ನಿಲ್ಲಬೇಡ.

ಯುವತಿ: ಅದನ್ನು ಒಪ್ಪಿದೆ.

ಮಾತು ಇಲ್ಲಿಗೆ ತಣ್ಣಗಾಗಬಹುದಿತ್ತು. ಆದರೆ ಹಿರಿಯರು ಮಲಾವಿಯ ಚರಿತ್ರೆಯಿಂದಲೇ ಇನ್ನೊಂದು ಹೆಸರು ತೆಗೆದರು. ಮಿಶನರಿ ತರಬೇತಿಯ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಈ ಹೆಸರು ಬರುವುದು ಅಪರೂಪ.

ಹಿರಿಯರು: ಜಾನ್ ಚಿಲೆಂಬ್ವೆಯ ಚಿತ್ರ ಅಲ್ಲಿಯ ನೋಟಿನ ಮೇಲೆ ಉಂಟಲ್ಲ? ಅವನೂ ಪಾಲಕನೇ. ಜೋಸೆಫ್ ಬೂತ್ ಅನ್ನುವ ಮಿಶನರಿ ಅವನನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಿದ, 1897ರಲ್ಲಿ ಅಮೆರಿಕಕ್ಕೆ ಕರೆದೊಯ್ದ. ಅಲ್ಲಿ ಕರಿಯ ಬ್ಯಾಪ್ಟಿಸ್ಟರು ಅವನನ್ನು ಓದಿಸಿದರು. 1900ರಲ್ಲಿ ಊರಿಗೆ ಬಂದು ಸಭೆ ಕಟ್ಟಿದ, ಶಾಲೆ ತೆರೆದ. ಪಕ್ಕದ ಎಸ್ಟೇಟಿನಲ್ಲಿ ಕೂಲಿಗಳಿಗೆ ಆಗುತ್ತಿದ್ದದ್ದನ್ನು ನೋಡಿದ, ತನ್ನ ಜನರನ್ನು ಬಿಳಿಯರ ಯುದ್ಧಕ್ಕೆ ಎಳೆದದ್ದನ್ನು ನೋಡಿದ. 1915ರ ಜನವರಿಯಲ್ಲಿ ದಂಗೆ ಎದ್ದ. ಹೊಡೆದರು, ಹೊಡೆಸಿಕೊಂಡರು, ಅವನೂ ಸತ್ತ. ಅವನ ಇಟ್ಟಿಗೆಯ ದೇವಾಲಯವನ್ನು ಸರ್ಕಾರ ಕೆಡವಿ ಹಾಕಿತು. ಆ ಕೊಲೆಗಳನ್ನು ನಾನು ಹೊಗಳುವುದಿಲ್ಲ. ಬೂತ್ ಯುದ್ಧವನ್ನೇ ವಿರೋಧಿಸಿದ ಮನುಷ್ಯ, ಶಿಷ್ಯ ಹೀಗೆ ಮಾಡ್ತಾನೆ ಅಂತ ಅವನೂ ಎಣಿಸಿರಲಿಕ್ಕಿಲ್ಲ. ಈಗ ನೀನು ಹೇಳು. ನೀನು ಕಲಿಸಿದ ಒಬ್ಬ ಪಾಲಕ ನಾಳೆ ನೀನು ಒಪ್ಪದ ದಾರಿ ಹಿಡಿದರೆ ನಿನ್ನ ತಂಡ ಏನು ಮಾಡ್ತದೆ? ಹೆಸರು ಹೊಡೆದು ಹಾಕ್ತದಾ?

ಯುವತಿ: ಮೂರು ವಾರ ಕಲಿಸಿದವಳಿಗೆ ಹೆಸರು ಹೊಡೆದು ಹಾಕುವ ಅಧಿಕಾರ ಇರುವುದಿಲ್ಲ. ನನ್ನ ಮೂರು ವಾರದ ಒಳ್ಳೆಯತನ ಅದೇ ಅಂತ ನಾನು ಹೇಳ್ತಾ ಇರುವುದು.

ಹಿರಿಯರು: ಹಾಗೆಯೇ ಅವನ ಕೈ ಹಿಡಿದು ನಿಲ್ಲಿಸುವ ಸಲಿಗೆಯೂ ಇರುವುದಿಲ್ಲ. ಬೆಟಗೇರಿಯಲ್ಲಿ ನನ್ನ ಕೈಮೇಲೆ ಕೈಯಿಟ್ಟು ಪುಸ್ತಕ ಮುಚ್ಚಿಸಲಿಕ್ಕೆ ಆ ಪಾಲಕರಿಗೆ ಸಲಿಗೆ ಇತ್ತು.

ಯುವತಿ: ಆ ಸಲಿಗೆ ಅವನ ಊರಿನವರಿಗೆ ಇರಲಿ.

ಹಿರಿಯರು: ಇರಲಿ. ಇನ್ನೊಂದು. ತರಬೇತಿಗೆ ಪಾಲಕರ ಹೆಂಡಂದಿರು ಬರ್ತಾರಾ?

ಯುವತಿ: ಬರ್ತಾರೆ. ಅಡುಗೆ ಮಾಡ್ತಾರೆ. ಬೆಳಿಗ್ಗೆ ನಾವು ತರಗತಿ ಶುರು ಮಾಡುವಾಗ ಅವರು ದೊಡ್ಡ ಪಾತ್ರೆಯಲ್ಲಿ ಎನ್ಸಿಮಾ ತಿರುವುತ್ತಾ ಇರ್ತಾರೆ. ಅದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ.

ಹಿರಿಯರು: ದೋರ್ನಕಲ್‌ನಲ್ಲಿ ಬಿಷಪ್ ಅಜರ್ಯ ಹಳ್ಳಿಪಾಲಕರನ್ನು ತೆಲುಗಿನಲ್ಲಿ ತಯಾರು ಮಾಡುವಾಗ ಹೆಂಡಂದಿರನ್ನೂ ಪಾಠಕ್ಕೆ ಕೂರಿಸಿದರು. ಪಾಲಕನಿಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವರಿಗೆ ಉತ್ತರ ಕೊಡುವವಳು ಅವಳೇ. ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಬಿಡಿಸಿ ಹೇಳಿದವರಲ್ಲಿ ಪ್ರಿಸ್ಕಿಲ್ಲ ಇರಲಿಲ್ಲವಾ? ನೀನೇ ಹೆಂಗಸು, ಇದನ್ನು ನಾನು ಹೇಳಬೇಕಾ?

ಯುವತಿ: ಹೇಳಿದ್ದೇನೆ ಅಯ್ಯನವರೇ, ತಂಡದಲ್ಲಿ ಎರಡು ಸಲ. ಅಡುಗೆಗೆ ಜನ ಇಡಲಿಕ್ಕೆ ಹಣ ಇಲ್ಲ ಅಂದರು. ಈ ಸಲ ಕೊನೆಯ ವಾರ ಗಂಡಸರು ಅಡುಗೆ ಮಾಡಲಿ, ಹೆಂಗಸರು ಕೂರಲಿ ಅಂತ ಕೇಳುವವಳಿದ್ದೇನೆ. ಸಿನೊಡ್‌ನವರು ಏನು ಹೇಳ್ತಾರೋ ನೋಡಬೇಕು. ನಾನು ಹೋಗಿ ಅಪ್ಪಣೆ ಕೊಡುವ ಹಾಗಿಲ್ಲ ಅಂತ ಈಗ ತಾನೇ ನೀವೇ ಹೇಳಿದ್ದು.

ಹಿರಿಯರು: ಅಪ್ಪಣೆ ಬೇಡ, ಕೇಳು. ಕೇಳುವುದಕ್ಕೂ ಹಿಡಿದುಕೊಳ್ಳುವುದಕ್ಕೂ ಬಹಳ ಅಂತರ ಉಂಟು.

ಯುವತಿ: ನನಗೆ ಇನ್ನೊಂದು ಆಲೋಚನೆ ಉಂಟು. ಅಲ್ಲಿಯ ಇಬ್ಬರು ಪಾಲಕರನ್ನು ಒಂದು ವರ್ಷ ಇಲ್ಲಿಗೆ ಕರೆಸಬೇಕು. ನೀವು ಹೇಳುವ ಹಾಗೆ ಜೊತೆಯಲ್ಲಿ ಉಣ್ಣಲಿ, ತಿರುಗಲಿ. ನಿಮ್ಮಂಥವರ ಹತ್ತಿರ ಇರಲಿ.

ಹಿರಿಯರು: ಬೇಡ. ಸಭೆಯಿಂದ ಕಿತ್ತು ತರಬೇಡ.

ಯುವತಿ: ಇಲ್ಲಿಯ ಆನಂದರಾವ್ ಕೌಂಡಿನ್ಯರನ್ನು ಕಿತ್ತುಕೊಂಡು ಹೋಗಲಿಲ್ಲವಾ? 1844ರಲ್ಲಿ ದೀಕ್ಷಾಸ್ನಾನ, 1846ರಿಂದ 1851ರವರೆಗೆ ಬಾಸೆಲ್‌ನಲ್ಲಿ ಓದು. ವಾಪಸು ಬಂದು ಇದೇ ಊರಲ್ಲಿ ಪಾಲಕರನ್ನು ತಯಾರು ಮಾಡಿದರು. ಅವರಿಲ್ಲದ ನಮ್ಮ ಸಭೆಯ ಚರಿತ್ರೆಯನ್ನು ನೀವು ಬರೆಯಬಲ್ಲಿರಾ?

ಹಿರಿಯರು: ಅವರು ವಾಪಸು ಬಂದರು. ಈಗ ಓದಲಿಕ್ಕೆ ಹೊರದೇಶಕ್ಕೆ ಹೋದ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಹಳ್ಳಿಯ ಸಭೆಗೆ ಬಂದರು, ನೀನೇ ಎಣಿಸು.

ಯುವತಿ: ಬಾರದೆ ಉಳಿದವರಿಗೆ ಹೆದರಿ ಯಾರನ್ನೂ ಕಳಿಸದಿದ್ದರೆ ಇನ್ನೊಬ್ಬ ಕೌಂಡಿನ್ಯರು ಎಲ್ಲಿಂದ ಬರಬೇಕು? ಕೊರಿಯಾದಲ್ಲೂ ಮಿಶನರಿಗಳು ‘ಪಾಲಕರಾಗುವವರನ್ನು ಅಮೆರಿಕಕ್ಕೆ ಓದಲಿಕ್ಕೆ ಕಳಿಸಬೇಡಿ’ ಅಂತ ನಿಯಮ ಮಾಡಿಕೊಂಡಿದ್ದರು. ಅದು ಸಭೆಯ ಮೇಲಿನ ಪ್ರೀತಿಯಾ, ತಮಗಿಂತ ಹೆಚ್ಚು ಓದಿದವ ಎದುರು ಬಂದು ನಿಲ್ತಾನೆ ಅನ್ನುವ ಭಯವಾ?

ಹಿರಿಯರು: ಎರಡೂ ಇರಬಹುದು. ಸರಿ, ಒಂದು ವರ್ಷ ಬೇಡ, ಒಂದು ಮಳೆಗಾಲ. ಅವರಿಗೆ ಕೊಯ್ಲು ಮುಗಿದಿರ್ತದೆ ಅಂದೆಯಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ. ಕಾಲೇಜಿನಲ್ಲಿ ಇಡಬೇಡ, ಒಬ್ಬರನ್ನು ಕೊಡಗಿನ ಸಭೆಗೆ ಹಾಕು, ಒಬ್ಬರನ್ನು ಬೆಟಗೇರಿಗೆ. ಇಂಗ್ಲಿಷ್ ಚೆನ್ನಾಗಿ ಬರುವವರನ್ನೇ ಆರಿಸುವುದು ಬೇಡ.

ಯುವತಿ: ಯಾರು ಬರಬೇಕು ಅಂತ ನಾವು ಆರಿಸುವುದೇ ಇಲ್ಲ, ಅವರ ಸಿನೊಡ್ ಕಳಿಸಿದವರು ಬರಲಿ. ಅವರು ಇಂಗ್ಲಿಷ್ ಬರುವವರನ್ನೇ ಕಳಿಸಿದರೆ?

ಹಿರಿಯರು: ಆಗ ನಾನು ಸುಮ್ಮನಿರಬೇಕಾಗ್ತದೆ. ಖರ್ಚಿನ ಲೆಕ್ಕ ಹಾಕಿಕೊಂಡು ಬಾ. ಬೆಟಗೇರಿ ಸಭೆಯವರ ಹತ್ತಿರ ನಾನು ಮಾತಾಡ್ತೇನೆ. ಒಬ್ಬರ ಊಟ, ವಸತಿ ಆ ಸಭೆಯೇ ನೋಡಿಕೊಳ್ಳಲಿ. ಬಾಸೆಲ್‌ಗೆ ಬರೆದು ಹಣ ತರಿಸುವುದು ಬೇಡ.